ಪದವಿ ಹಂತದಲ್ಲಿ ನರವಿಜ್ಞಾನ: ಓದನ್ನು ಹೊಂದಿಸಿಕೊಳ್ಳುವ ಬಗೆ

ಪಿಯುಸಿ ಮುಗಿಸಿ ಮಿದುಳಿನ ಬಗ್ಗೆಯೇ ಓದಬೇಕೆಂದು ಹೊರಟ ವಿದ್ಯಾರ್ಥಿಗೆ ಮೊದಲು ಎದುರಾಗುವ ತೊಡಕೆಂದರೆ, ನಮ್ಮ ಬಹುತೇಕ ಪದವಿ ಕಾಲೇಜುಗಳ ಅರ್ಜಿಯಲ್ಲಿ ‘ನರವಿಜ್ಞಾನ’ ಎಂಬ ವಿಷಯವೇ ಇರುವುದಿಲ್ಲ. ಅಲ್ಲಿರುವುದು ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ಪ್ರಾಣಿವಿಜ್ಞಾನ, ಜೀವರಸಾಯನವಿಜ್ಞಾನ, ಮನೋವಿಜ್ಞಾನ, ಕಂಪ್ಯೂಟರ್ ವಿಜ್ಞಾನ. ಇದನ್ನು ದೊಡ್ಡ ಕೊರತೆಯೆಂದು ತಿಳಿಯಬೇಕಾಗಿಲ್ಲ, ಏಕೆಂದರೆ ನರವಿಜ್ಞಾನ ಬೆಳೆದದ್ದೇ ಹೀಗೆ ಬೇರೆ ಬೇರೆ ಮನೆಗಳಲ್ಲಿ. 1873ರಲ್ಲಿ ಇಟಲಿಯ ವೈದ್ಯ ಗಾಲ್ಗಿ ಬೆಳ್ಳಿಯ ಲವಣದಿಂದ ನರಕೋಶಗಳಿಗೆ ಬಣ್ಣ ಕಟ್ಟುವ ವಿಧಾನವನ್ನು ಪ್ರಕಟಿಸಿದರು. ಅದೇ ವಿಧಾನವನ್ನು ಹಿಡಿದು ಸ್ಪೇನಿನ ಅಂಗರಚನಾ ತಜ್ಞ ಕಹಾಲ್, ನರಕೋಶಗಳು ಒಂದಕ್ಕೊಂದು ಬೆಸೆದ ಬಲೆಯಲ್ಲ, ಬಿಡಿ ಬಿಡಿ ಕೋಶಗಳು ಎಂದು ವಾದಿಸಿದರು. ಗಾಲ್ಗಿ ಅದನ್ನು ಒಪ್ಪಲೇ ಇಲ್ಲ, ಆದರೂ 1906ರ ನೊಬೆಲ್ ಪ್ರಶಸ್ತಿಯನ್ನು ಇಬ್ಬರೂ ಹಂಚಿಕೊಂಡರು. 1952ರಲ್ಲಿ ಬ್ರಿಟನ್ನಿನ ಅಂಗಕ್ರಿಯಾ ವಿಜ್ಞಾನಿಗಳಾದ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್ ಎಂಬ ಕಡಲ ಜೀವಿಯ ದಪ್ಪ ನರತಂತುವಿನಲ್ಲಿ ವಿದ್ಯುತ್ ಸಂಕೇತ ಸಾಗುವ ರೀತಿಯನ್ನು ಅವಕಲ ಸಮೀಕರಣಗಳಲ್ಲಿ ಬರೆದು, ಕೈಯಿಂದ ತಿರುಗಿಸುವ ಲೆಕ್ಕಯಂತ್ರದಲ್ಲಿ ಬಿಡಿಸಿದರು. 1953ರಲ್ಲಿ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಸ ನೆನಪುಗಳನ್ನೇ ಕಟ್ಟಿಕೊಳ್ಳಲಾಗದೆ ಹೋದ ಹೆನ್ರಿ ಮೊಲೈಸನ್ ಎಂಬಾತನನ್ನು ದಶಕಗಳ ಕಾಲ ಪರೀಕ್ಷಿಸಿದ ಬ್ರೆಂಡಾ ಮಿಲ್ನರ್ ಮನೋವಿಜ್ಞಾನಿ. ಇವರಾರೂ ನರವಿಜ್ಞಾನದ ಪದವಿ ಪಡೆದವರಲ್ಲ. ಅಮೆರಿಕದಲ್ಲಿ ಇಂಥ ಬೇರೆ ಬೇರೆ ಶಿಸ್ತುಗಳ ವಿದ್ವಾಂಸರಿಗೆಲ್ಲ ಒಂದೇ ಸೂರು ಒದಗಿಸಿದ ಸೊಸೈಟಿ ಫಾರ್ ನ್ಯೂರೋಸೈನ್ಸ್ ಸ್ಥಾಪನೆಯಾದದ್ದೇ 1969ರಲ್ಲಿ.

ಆದುದರಿಂದ ಪದವಿಯ ಹೆಸರನ್ನು ಹುಡುಕುವುದಕ್ಕಿಂತ ಪದವಿಯ ಒಳಗಿನ ಓದನ್ನು ಜೋಡಿಸಿಕೊಳ್ಳುವುದು ಮುಖ್ಯ. ಹೆಸರಿಗೆ ಮರುಳಾದರೆ ಆಗುವ ತೊಂದರೆಗೆ ನಮ್ಮಲ್ಲೇ ಒಂದು ಉದಾಹರಣೆಯಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ‘ಬಿಎಸ್‌ಸಿ ನ್ಯೂರೋಸೈನ್ಸ್ ಟೆಕ್ನಾಲಜಿ’ ಎಂಬ ಪದವಿಯಿದೆ. ಅದು ಆಸ್ಪತ್ರೆಗಳಲ್ಲಿ ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ), ನರವಹನ ಪರೀಕ್ಷೆ ಮುಂತಾದವನ್ನು ನಡೆಸುವ ತಂತ್ರಜ್ಞರನ್ನು ತಯಾರು ಮಾಡುವ ಕೋರ್ಸು. ಆ ಕೆಲಸ ಬೇಕೆನ್ನುವವರಿಗೆ ಅದು ಒಳ್ಳೆಯ ದಾರಿಯೇ ಹೌದು. ಆದರೆ ನೆನಪು ಹೇಗೆ ಹುಟ್ಟುತ್ತದೆ ಎಂದು ಸಂಶೋಧನೆ ಮಾಡಬೇಕೆಂಬ ಆಸೆಯಿಂದ ಅಲ್ಲಿ ಸೇರಿದವರು ಎರಡನೆಯ ವರ್ಷದ ಹೊತ್ತಿಗೆ ಪೇಚಾಡುತ್ತಾರೆ. ಹಾಗೆಯೇ ರೋಗಿಗಳಿಗೆ ಚಿಕಿತ್ಸೆ ಕೊಡಬೇಕೆಂಬುದು ಗುರಿಯಾಗಿದ್ದರೆ ಅದಕ್ಕೆ ದಾರಿ ನೀಟ್ ಮತ್ತು ಎಂಬಿಬಿಎಸ್. ಬಿಎಸ್‌ಸಿ ಮಾಡಿ ಆಮೇಲೆ ನರರೋಗ ತಜ್ಞರಾಗಬಹುದೆಂಬ ತಪ್ಪು ಕಲ್ಪನೆ ತಂದೆತಾಯಿಗಳಲ್ಲಿ ಇನ್ನೂ ಇದೆ. ಈ ಲೇಖನ ವೈದ್ಯರಾಗುವವರಿಗಲ್ಲ, ಮಿದುಳನ್ನು ವಿಜ್ಞಾನಿಯಂತೆ ಅರಿಯಬೇಕೆನ್ನುವವರಿಗೆ.

ಒಂದು ಪ್ರಶ್ನೆಯನ್ನು ಬಿಡಿಸಿ ನೋಡುವುದು

ಓದಿನ ಯೋಜನೆಯನ್ನು ವಿಷಯಗಳ ಪಟ್ಟಿಯಿಂದ ಆರಂಭಿಸಬೇಡಿ. ಒಂದು ಪ್ರಶ್ನೆಯಿಂದ ಆರಂಭಿಸಿ. ಒಂದು ಬಿಳಿ ಹಾಳೆಯ ತಲೆಯಲ್ಲಿ ನಿಮ್ಮನ್ನು ನಿಜವಾಗಿ ಕಾಡುವ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ಪ್ರಜ್ಞೆ ಎಂದರೇನು’ ಎಂಬಂಥ ಪ್ರಶ್ನೆಯಿಂದ ಯೋಜನೆ ಹುಟ್ಟುವುದಿಲ್ಲ, ಅದಕ್ಕೆ ಹಿಡಿಯಲು ತುದಿಯೇ ಇಲ್ಲ. ಮಂಗಳೂರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆಯುತ್ತಾಳೆಂದು ಇಟ್ಟುಕೊಳ್ಳಿ: ‘ಪಾರ್ಶ್ವವಾಯು ಆದ ಮೇಲೆ ನಮ್ಮ ಅಜ್ಜಿಗೆ ತುಳು ಮಾತು ಬೇಗ ಮರಳಿತು, ಕನ್ನಡ ಏಕೆ ತಡವರಿಸುತ್ತದೆ?’ ಎರಡು ಭಾಷೆ ಬಲ್ಲವರಲ್ಲಿ ಮಿದುಳಿನ ಪೆಟ್ಟಿನ ನಂತರ ಎರಡೂ ಭಾಷೆಗಳು ಒಂದೇ ಪ್ರಮಾಣದಲ್ಲಿ ಮರಳದಿರುವುದು ವೈದ್ಯರು ಬಹುಕಾಲದಿಂದ ಗುರುತಿಸಿರುವ ಸಂಗತಿ, ಹಾಗಾಗಿ ಇದು ಒಳ್ಳೆಯ ಪ್ರಶ್ನೆ.

ಈಗ ಆ ಪ್ರಶ್ನೆಯ ಕೆಳಗೆ, ಉತ್ತರ ಕೊಡಲು ಏನೇನು ತಿಳಿದಿರಬೇಕು ಎಂದು ಬರೆಯುತ್ತಾ ಹೋಗಬೇಕು. ಯಾವ ರಕ್ತನಾಳ ಕಟ್ಟಿಕೊಂಡರೆ ಮಿದುಳಿನ ಯಾವ ಭಾಗ ಸೊರಗುತ್ತದೆ ಎಂಬುದು ಅಂಗರಚನೆ. ಆಮ್ಲಜನಕ ಸಿಗದ ನರಕೋಶದೊಳಗೆ ಏನಾಗುತ್ತದೆ ಎಂಬುದು ಜೀವರಸಾಯನ. ಎಂಆರ್‌ಐ ಚಿತ್ರದಲ್ಲಿ ಕಾಣುವ ಕಲೆ ಯಾವುದರ ಗುರುತು ಎಂದು ತಿಳಿಯಲು ಕಾಂತಕ್ಷೇತ್ರದ ಭೌತವಿಜ್ಞಾನ ಬೇಕು. ತುಳುವಿಗೂ ಕನ್ನಡಕ್ಕೂ ಪದರಚನೆಯಲ್ಲಿ ಎಷ್ಟು ಹೋಲಿಕೆಯಿದೆ, ಓದು ಬರಹ ಬರುವ ಭಾಷೆಗೂ ಬರೀ ಮಾತಿನಲ್ಲಿರುವ ಭಾಷೆಗೂ ವ್ಯತ್ಯಾಸವೇನು ಎಂಬುದು ಭಾಷಾವಿಜ್ಞಾನ. ಅಜ್ಜಿಯ ಮಾತನ್ನು ಅಳೆಯುವ ಪರೀಕ್ಷೆಯನ್ನು ರೂಪಿಸುವುದು ಮನೋವಿಜ್ಞಾನ. ಒಬ್ಬ ಅಜ್ಜಿಯಲ್ಲಿ ಕಂಡದ್ದು ನೂರು ಜನರಲ್ಲೂ ಇದೆಯೇ ಎಂದು ಹೇಳುವುದು ಸಂಖ್ಯಾಶಾಸ್ತ್ರ. ಹಾಳೆ ತುಂಬಿದಾಗ ಅಂತರಶಿಸ್ತೀಯ ಅಧ್ಯಯನ ಎಂಬ ದೊಡ್ಡ ಮಾತಿನ ಅರ್ಥ ತಾನಾಗಿ ಕಾಣುತ್ತದೆ: ವಿಷಯಗಳನ್ನು ಬೆರೆಸಬೇಕೆಂಬ ಶೋಕಿಗಾಗಿ ಬೆರೆಸಿದ್ದಲ್ಲ, ಪ್ರಶ್ನೆ ಕೇಳಿದ್ದಕ್ಕೆ ಬಂದದ್ದು. ಈ ವಿದ್ಯಾರ್ಥಿನಿಗೆ ಇನ್ನೊಂದು ದಾರಿಯೂ ತೆರೆದಿದೆ. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಮಾತು ಮತ್ತು ಕೇಳ್ಮೆಯ ವಿಜ್ಞಾನದಲ್ಲೇ ಪದವಿಯಿದೆ. ಮಿದುಳು ಮತ್ತು ಭಾಷೆಯ ನಂಟನ್ನು ಪದವಿ ಹಂತದಿಂದಲೇ, ರೋಗಿಗಳ ಪಕ್ಕದಲ್ಲಿ ಕುಳಿತು ಕಲಿಯಬಹುದಾದ ಸ್ಥಳ ಅದು. ನರವಿಜ್ಞಾನ ಎಂದೊಡನೆ ಇಲಿ ಮತ್ತು ಸೂಕ್ಷ್ಮದರ್ಶಕವನ್ನಷ್ಟೇ ನೆನೆಯುವವರು ಈ ದಾರಿಯನ್ನು ಗಮನಿಸುವುದೇ ಇಲ್ಲ.

ಬೇರಿನ ವಿಷಯವೊಂದು ಇರಲಿ

ಹಾಳೆಯಲ್ಲಿ ಆರು ವಿಷಯಗಳು ಬಂದವೆಂದು ಆರನ್ನೂ ಸಮನಾಗಿ ಓದಲು ಹೊರಟರೆ ಮೂರು ವರ್ಷದ ಕೊನೆಗೆ ಎಲ್ಲದರ ಮೊದಲ ಅಧ್ಯಾಯ ಮಾತ್ರ ಗೊತ್ತಿರುತ್ತದೆ. ನನ್ನ ಅಭಿಪ್ರಾಯದಲ್ಲಿ ಪದವಿ ಹಂತದ ಅಂತರಶಿಸ್ತೀಯ ಓದಿಗೆ ಒಂದು ಬೇರಿನ ವಿಷಯ ಇರಲೇಬೇಕು. ಅದರಲ್ಲಿ ನೀವು ಆ ವಿಭಾಗದ ಇತರ ವಿದ್ಯಾರ್ಥಿಗಳಷ್ಟೇ ಗಟ್ಟಿಯಾಗಿರಬೇಕು. ಉಳಿದವುಗಳಲ್ಲಿ ಆ ವಿಷಯದವರ ಜೊತೆ ಮಾತನಾಡುವಷ್ಟು, ಅವರ ಲೇಖನವನ್ನು ಓದಿ ಎಲ್ಲಿ ಅರ್ಥವಾಗಲಿಲ್ಲ ಎಂದು ತೋರಿಸಿ ಕೇಳುವಷ್ಟು ತಿಳಿದಿದ್ದರೆ ಸಾಕು.

ಬೇರಿನ ವಿಷಯ ಜೀವವಿಜ್ಞಾನವಾದರೆ ಕೋಶ, ಜೀನ್, ಅಂಗಕ್ರಿಯೆ ಇವು ನಿಮ್ಮ ನೆಲ. ಹಣ್ಣಿನ ನೊಣವನ್ನಿಟ್ಟುಕೊಂಡು ವಾಸನೆಯ ಗ್ರಹಿಕೆಯ ತಳಿವಿಜ್ಞಾನವನ್ನು ಬೆಳೆಸಿದ, ಬೆಂಗಳೂರಿನ ಎನ್‌ಸಿಬಿಎಸ್ (ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ) ಅನ್ನು ಕಟ್ಟಿದ ಒಬೈದ್ ಸಿದ್ದೀಕಿಯವರದು ಈ ಪರಂಪರೆ. ಭೌತವಿಜ್ಞಾನ ಅಥವಾ ಗಣಿತ ಬೇರಾದರೆ ನರಜಾಲಗಳ ಮಾದರಿ ಕಟ್ಟುವುದು, ಸಂಕೇತಗಳ ವಿಶ್ಲೇಷಣೆ, ಉಪಕರಣ ತಯಾರಿಕೆ ನಿಮಗೆ ಒಲಿಯುತ್ತವೆ. ಮನೋವಿಜ್ಞಾನ ಬೇರಾದರೆ ಗ್ರಹಿಕೆ, ಗಮನ, ಕಲಿಕೆ, ನಿರ್ಧಾರ ಇವುಗಳ ಪ್ರಯೋಗಗಳು ನಿಮ್ಮವು. ಆದರೆ ನಮ್ಮ ಹಲವು ಕಾಲೇಜುಗಳಲ್ಲಿ ಮನೋವಿಜ್ಞಾನ ಕಲಾ ವಿಭಾಗದಲ್ಲಿದ್ದು, ಅದರ ಜೊತೆಗೆ ವಿಜ್ಞಾನದ ವಿಷಯವನ್ನು ತೆಗೆದುಕೊಳ್ಳಲು ಅವಕಾಶವಿದೆಯೇ ಎಂದು ಸೇರುವ ಮೊದಲೇ ವಿಚಾರಿಸಬೇಕು. ಕಂಪ್ಯೂಟರ್ ವಿಜ್ಞಾನವೊಂದನ್ನೇ ಬೇರಾಗಿ ಇಟ್ಟುಕೊಂಡು ‘ನ್ಯೂರಲ್ ನೆಟ್‌ವರ್ಕ್’ ಎಂಬ ಕಲಿಯುವ ಪ್ರೋಗ್ರಾಂಗಳ ಹೆಸರಿನ ಬಲದ ಮೇಲೆ ಮಿದುಳಿಗೆ ಬರುವವರಿಗೆ ಒಂದು ಕಿವಿಮಾತು: ಆ ಕೃತಕ ಜಾಲಗಳಿಗೂ ಜೀವಂತ ನರಕೋಶಗಳಿಗೂ ಹೋಲಿಕೆ ಬಹಳ ತೆಳುವಾದದ್ದು. ಒಂದು ವರ್ಷವಾದರೂ ಜೀವವಿಜ್ಞಾನದ ಲ್ಯಾಬಿನಲ್ಲಿ ಕೈ ಒದ್ದೆ ಮಾಡಿಕೊಳ್ಳದೆ ಆ ವ್ಯತ್ಯಾಸ ಮನಸ್ಸಿಗೆ ಇಳಿಯುವುದಿಲ್ಲ.

ಗಣಿತವನ್ನು ಮುಂದೂಡಬಾರದು

ಯೋಜನೆಯಲ್ಲಿ ಹೆಚ್ಚು ಜನ ಎಡವುವುದು ಇಲ್ಲೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮನೋವಿಜ್ಞಾನವನ್ನು, ಅಂಗರಚನೆಯನ್ನು, ಔಷಧಗಳ ಕ್ರಿಯೆಯನ್ನು ಇಪ್ಪತ್ತೈದರ ವಯಸ್ಸಿನಲ್ಲೂ ಪುಸ್ತಕ ಹಿಡಿದು ಕೂತು ಕಲಿಯಬಹುದು. ಕಲನಶಾಸ್ತ್ರವನ್ನು ಹಾಗೆ ಕಲಿತವರು ಕಡಿಮೆ. ಅದಕ್ಕೆ ವಾರವಾರವೂ ಲೆಕ್ಕ ಬಿಡಿಸುವ ಅಭ್ಯಾಸ ಬೇಕು, ಆ ಅಭ್ಯಾಸಕ್ಕೆ ತಕ್ಕ ವಾತಾವರಣ ಇರುವುದು ಪದವಿಯ ಮೊದಲೆರಡು ವರ್ಷಗಳಲ್ಲೇ.

ಗಣಿತ ಏಕೆ ಬೇಕೆಂಬುದಕ್ಕೆ ಒಂದು ಲೆಕ್ಕವನ್ನೇ ನೋಡಿ. ಸಸ್ತನಿಯ ನರಕೋಶದ ಒಳಗೆ ಪೊಟ್ಯಾಸಿಯಂ ಅಯಾನುಗಳ ಸಾಂದ್ರತೆ ಲೀಟರಿಗೆ ಸುಮಾರು 140 ಮಿಲಿಮೋಲ್, ಹೊರಗೆ ಸುಮಾರು 5. ಒಳಗೆ ಕಿಕ್ಕಿರಿದಿರುವ ಅಯಾನುಗಳು ಹೊರಗೆ ಹರಿಯಲು ನೋಡುತ್ತವೆ. ಹರಿದಂತೆಲ್ಲ ಒಳಭಾಗ ಋಣವಿದ್ಯುತ್ತಿನದಾಗಿ ಅವುಗಳನ್ನು ಹಿಂದಕ್ಕೆ ಸೆಳೆಯುತ್ತದೆ. ಈ ಎರಡು ಎಳೆತಗಳು ಸಮನಾಗುವ ಬಿಂದುವನ್ನು ನರ್ನ್‌ಸ್ಟ್ ಸಮೀಕರಣ ಹೇಳುತ್ತದೆ: ದೇಹದ ಉಷ್ಣತೆಯಲ್ಲಿ, ಸಾಂದ್ರತೆಗಳ ಅನುಪಾತದ ಹತ್ತರ ಆಧಾರದ ಲಾಗರಿದಮ್ ಅನ್ನು ಸುಮಾರು 61.5ರಿಂದ ಗುಣಿಸಿದರೆ ಮಿಲಿವೋಲ್ಟ್‌ಗಳಲ್ಲಿ ಉತ್ತರ ಬರುತ್ತದೆ. 5 ಭಾಗಿಸು 140 ಎಂದರೆ ಇಪ್ಪತ್ತೆಂಟರಲ್ಲಿ ಒಂದು. ಅದರ ಲಾಗರಿದಮ್ ಸುಮಾರು −1.45, ಗುಣಿಸಿದರೆ −89 ಮಿಲಿವೋಲ್ಟ್. ಆದರೆ ವಿಶ್ರಾಂತ ಸ್ಥಿತಿಯ ನರಕೋಶದಲ್ಲಿ ಅಳತೆ ಮಾಡಿದರೆ ಸಿಗುವುದು −70ರ ಆಸುಪಾಸು. ಉಳಿದ ಹತ್ತೊಂಬತ್ತು ಎಲ್ಲಿ ಹೋಯಿತು? ಕೋಶಪೊರೆ ಸೋಡಿಯಂ ಅಯಾನುಗಳನ್ನೂ ಅಷ್ಟಿಷ್ಟು ಒಳಗೆ ಬಿಡುತ್ತದೆ, ಅದರಿಂದಾಗಿ ಮೊತ್ತ ಮೇಲೇರುತ್ತದೆ. ಅರ್ಧ ಪುಟದ ಈ ಲೆಕ್ಕದಲ್ಲಿ ರಸಾಯನವಿಜ್ಞಾನದ ಸಾಂದ್ರತೆ, ಭೌತವಿಜ್ಞಾನದ ವಿಭವ, ಗಣಿತದ ಲಾಗರಿದಮ್, ಜೀವವಿಜ್ಞಾನದ ಕೋಶಪೊರೆ ನಾಲ್ಕೂ ಒಟ್ಟಿಗೆ ಕುಳಿತಿವೆ. ಈ ಲೆಕ್ಕವನ್ನು ಯಾರ ಸಹಾಯವೂ ಇಲ್ಲದೆ ಮಾಡಿ, ಹತ್ತೊಂಬತ್ತರ ವ್ಯತ್ಯಾಸ ಏಕೆಂದು ನಿಮ್ಮ ಮಾತಿನಲ್ಲಿ ವಿವರಿಸಲು ಮೊದಲ ವರ್ಷದ ಕೊನೆಗೆ ಸಾಧ್ಯವಾದರೆ ನಿಮ್ಮ ತಳಪಾಯ ಸರಿಯಾಗಿದೆ ಎಂದು ತಿಳಿಯಬಹುದು.

ಪಿಯುಸಿಯಲ್ಲಿ ಯಾವ ವಿಷಯಗಳನ್ನು ಓದಿದ್ದೀರಿ ಎಂಬುದರ ಮೇಲೂ ಬಾಗಿಲುಗಳು ತೆರೆಯುತ್ತವೆ, ಮುಚ್ಚುತ್ತವೆ. 2011ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿಗೆ ಭೌತವಿಜ್ಞಾನ, ರಸಾಯನವಿಜ್ಞಾನಗಳ ಜೊತೆ ಗಣಿತವೂ ಇರಬೇಕು. ಐಐಎಸ್‌ಇಆರ್‌ಗಳು (ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು) ಈ ಮೂರು ಮತ್ತು ಜೀವವಿಜ್ಞಾನ ಸೇರಿದ ನಾಲ್ಕರಲ್ಲಿ ಮೂರು ವಿಷಯಗಳಿದ್ದರೆ ಒಪ್ಪುತ್ತವೆ, ಹಾಗಾಗಿ ಗಣಿತ ಬಿಟ್ಟವರಿಗೂ ಅಲ್ಲಿ ಅವಕಾಶವಿದೆ. ಹತ್ತನೆಯ ತರಗತಿ ಮುಗಿಸಿದವರು ಇದನ್ನು ಓದುತ್ತಿದ್ದರೆ, ಪಿಸಿಎಂಬಿ ಭಾರವೆಂದು ಗಣಿತವನ್ನು ಬಿಡುವ ಮೊದಲು ಎರಡು ಬಾರಿ ಯೋಚಿಸಿ. ಈಗಾಗಲೇ ಬಿಟ್ಟಿದ್ದರೆ ಹತಾಶರಾಗಬೇಕಾಗಿಲ್ಲ: ಪದವಿಗೆ ಸೇರುವ ಮೊದಲಿನ ಬಿಡುವಿನಲ್ಲಿ ದ್ವಿತೀಯ ಪಿಯುಸಿ ಗಣಿತ ಪುಸ್ತಕದ ಕಲನಶಾಸ್ತ್ರ, ಸದಿಶ, ಮಾತೃಕೆ, ಸಂಭವನೀಯತೆ ಈ ನಾಲ್ಕು ಭಾಗಗಳ ಲೆಕ್ಕಗಳನ್ನು ಒಂದೂ ಬಿಡದೆ ಮಾಡಿದರೆ ಸಾಕಷ್ಟು ದೂರ ಬಂದಂತಾಗುತ್ತದೆ.

ಸೆಮಿಸ್ಟರ್‌ಗಳಿಗೆ ಹಂಚುವುದು

2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ತಂದಿದ್ದ ಕರ್ನಾಟಕ 2024–25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಹಾಗಾಗಿ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಓದುವವರಿಗೆ ಸಿಗುವುದು ಆರು ಸೆಮಿಸ್ಟರ್. ಜಾಗ ಕಡಿಮೆ ಇರುವಾಗ ಯಾವುದನ್ನು ಯಾವುದರ ಮೊದಲು ಓದಬೇಕು ಎಂಬುದೇ ಯೋಜನೆಯ ಜೀವಾಳ.

ಮೊದಲ ವರ್ಷ ಕಲನಶಾಸ್ತ್ರ, ವಿದ್ಯುತ್ತಿನ ಮೂಲಪಾಠ, ಸಾಮಾನ್ಯ ರಸಾಯನವಿಜ್ಞಾನ, ಕೋಶವಿಜ್ಞಾನ ಇವುಗಳಿಗೆ ಮೀಸಲಿರಲಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ತರಗತಿಯಲ್ಲಿ ಹೇಳಿಕೊಡದಿದ್ದರೂ ಈ ವರ್ಷವೇ ಶುರು ಮಾಡಿ. ಮಿದುಳಿನ ಹೆಸರಿರುವ ಯಾವ ಕೋರ್ಸೂ ಮೊದಲ ವರ್ಷದಲ್ಲಿ ಇಲ್ಲದಿರುವುದು ಬೇಸರ ತರಿಸಬಹುದು, ಆದರೂ ನಾನು ಹಾಗೆಯೇ ಸಲಹೆ ಮಾಡುತ್ತೇನೆ. ಎರಡನೆಯ ವರ್ಷ ಸಂಖ್ಯಾಶಾಸ್ತ್ರ, ರೇಖೀಯ ಬೀಜಗಣಿತ, ಜೀವರಸಾಯನ, ತಳಿವಿಜ್ಞಾನ, ಅಂಗಕ್ರಿಯಾವಿಜ್ಞಾನ ಬರಬೇಕು. ಪ್ರಾಯೋಗಿಕ ಮನೋವಿಜ್ಞಾನದ ಒಂದು ಪತ್ರಿಕೆಗೆ ಇದೇ ತಕ್ಕ ಕಾಲ, ಏಕೆಂದರೆ ಅಲ್ಲಿ ಸಂಗ್ರಹಿಸಿದ ದತ್ತಾಂಶವನ್ನು ಪಕ್ಕದ ಸಂಖ್ಯಾಶಾಸ್ತ್ರದ ತರಗತಿಗೆ ಒಯ್ಯಬಹುದು. ಸಂಖ್ಯಾಶಾಸ್ತ್ರವನ್ನು ಪ್ರಾಜೆಕ್ಟ್ ಮುಗಿದ ಮೇಲೆ ಕಲಿಯುತ್ತೇನೆ ಎನ್ನುವವರಲ್ಲಿ ಒಂದು ಕಾಲಕ್ಕೆ ನಾನೂ ಒಬ್ಬ. ಎಷ್ಟು ಜನರನ್ನು ಪರೀಕ್ಷಿಸಬೇಕಿತ್ತು ಎಂಬುದು ಪರೀಕ್ಷೆಯೆಲ್ಲ ಮುಗಿದ ಮೇಲೆ ತಿಳಿದು, ಮೂರು ತಿಂಗಳ ಕೆಲಸ ಮೂಲೆ ಸೇರಿತು. ಮೂರನೆಯ ವರ್ಷಕ್ಕೆ ನರಜೀವವಿಜ್ಞಾನ, ನಿಮ್ಮ ಪ್ರಶ್ನೆಗೆ ಹೊಂದುವ ಒಂದೆರಡು ಐಚ್ಛಿಕ ಪತ್ರಿಕೆಗಳು ಮತ್ತು ಒಂದು ಪ್ರಾಜೆಕ್ಟ್.

ಕಾಲೇಜಿನಲ್ಲಿ ಇಲ್ಲದ ವಿಷಯಕ್ಕೆ ‘ಸ್ವಯಂ’ ಮತ್ತು ‘ಎನ್‌ಪಿಟಿಇಎಲ್’ ಎಂಬ ಆನ್‌ಲೈನ್ ಕೋರ್ಸುಗಳ ತಾಣಗಳಿವೆ. ಒಂದು ಸೆಮಿಸ್ಟರ್‌ನ ಪಠ್ಯಗಳಲ್ಲಿ ಶೇಕಡ 40ರವರೆಗೆ ಸ್ವಯಂ ಮೂಲಕ ಓದಲು ಯುಜಿಸಿ ನಿಯಮ ಅವಕಾಶ ಕೊಡುತ್ತದೆ. ಆದರೆ ಆ ಕ್ರೆಡಿಟ್ ನಿಮ್ಮ ಅಂಕಪಟ್ಟಿಗೆ ಸೇರಬೇಕಾದರೆ ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಮೊದಲೇ ಅಂಗೀಕರಿಸಿರಬೇಕು. ಸೆಮಿಸ್ಟರ್ ಆರಂಭವಾಗುವ ಮುನ್ನ ವಿಭಾಗದ ಮುಖ್ಯಸ್ಥರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಒಂದು ಸೆಮಿಸ್ಟರ್‌ಗೆ ಪೂರ್ತಿ ಹೊಸದಾದ ಶಿಸ್ತು ಒಂದಕ್ಕಿಂತ ಹೆಚ್ಚು ಬೇಡ. ಸರ್ಟಿಫಿಕೇಟುಗಳನ್ನು ಕೂಡಿಹಾಕುವ ಚಟವಂತೂ ಖಂಡಿತ ಬೇಡ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಪದಗಳ ಭಾರ ಇನ್ನೊಂದು ತೊಡಕು. ಪ್ರತಿ ಹೊಸ ಪದದ ಎದುರು, ಅಂಚಿನಲ್ಲಿ, ಅದು ಏನು ಮಾಡುತ್ತದೆ ಎಂದು ಕನ್ನಡದಲ್ಲಿ ಒಂದು ಸಾಲು ಬರೆದಿಟ್ಟುಕೊಳ್ಳಿ. ‘ಆ್ಯಕ್ಷನ್ ಪೊಟೆನ್ಷಿಯಲ್’ ಎಂಬುದಕ್ಕೆ ನಿಘಂಟಿನ ಸಮಾನಪದ ಹುಡುಕುವುದಕ್ಕಿಂತ ‘ಪೊರೆಯ ವಿಭವ ಒಂದು ಮಿತಿ ದಾಟಿದೊಡನೆ ಸರ್ರನೆ ಏರಿ ಇಳಿಯುವುದು, ಒಂದು ಮಿಲಿಸೆಕೆಂಡಿನ ಆಟ’ ಎಂದು ಬರೆದವನಿಗೆ ವಿಷಯ ಹೆಚ್ಚು ತಿಳಿದಿರುತ್ತದೆ.

ಲ್ಯಾಬಿಗೆ ಕಾಲಿಡುವುದು

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮಿದುಳು ಸಂಗ್ರಹಾಲಯಕ್ಕೆ ಸಾರ್ವಜನಿಕರಿಗೂ ಪ್ರವೇಶವಿದೆ. ಯೋಜನೆ ಹಾಕುವ ಮೊದಲು ಒಮ್ಮೆ ಹೋಗಿಬನ್ನಿ. ಸಾಲಾಗಿ ಇಟ್ಟ ಜಾಡಿಗಳಲ್ಲಿ ಪಾರ್ಶ್ವವಾಯುವಿನಿಂದ, ಗಡ್ಡೆಯಿಂದ, ಸೋಂಕಿನಿಂದ ಬದಲಾದ ಮಿದುಳುಗಳಿವೆ, ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿಯುವ ಅವಕಾಶವೂ ಇದೆ. ಸುಮಾರು 8,600 ಕೋಟಿ ನರಕೋಶಗಳಿರುವ ವಸ್ತು ಒಂದೂ ಕಾಲು, ಒಂದೂವರೆ ಕಿಲೋ ತೂಗುತ್ತದೆ ಎಂಬುದನ್ನು ಓದುವುದಕ್ಕೂ ಅಂಗೈಯಲ್ಲಿ ಆ ತೂಕವನ್ನು ಅರಿಯುವುದಕ್ಕೂ ಅಂತರವಿದೆ.

ದೊಡ್ಡ ಲ್ಯಾಬಿಲ್ಲದ ಕಾಲೇಜಿನಲ್ಲೂ ಒಂದು ಪ್ರಯೋಗ ಸಾಧ್ಯ. ದೇಹದ ಸಣ್ಣ ವಿದ್ಯುತ್ ಸಂಕೇತಗಳನ್ನು ಹಿಗ್ಗಿಸುವ, ಕಡಿಮೆ ಬೆಲೆಯ ಬಯೋಆ್ಯಂಪ್ಲಿಫೈಯರ್ ಬೋರ್ಡೊಂದನ್ನು ತಂದು, ತಲೆಯ ಹಿಂಭಾಗಕ್ಕೆ ಎಲೆಕ್ಟ್ರೋಡ್ ಅಂಟಿಸಿ ಇಇಜಿ ದಾಖಲಿಸಿ ನೋಡಿ. ಮೊದಲ ದಿನ ಪರದೆಯ ಮೇಲೆ ಕಾಣುವುದು ಮಿದುಳಿನ ಅಲೆಯಲ್ಲ, ಗೋಡೆಯ ವಿದ್ಯುತ್ ತಂತಿಯ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ, ಏಕೆಂದರೆ ಮಿದುಳಿನ ಸಂಕೇತ ನೆತ್ತಿಯ ಮೇಲೆ ಕೆಲವು ಹತ್ತು ಮೈಕ್ರೋವೋಲ್ಟ್‌ಗಳಷ್ಟು ಮಾತ್ರ. ಚಾರ್ಜರ್ ತೆಗೆದು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಬೇಕು (ಮೈಗೆ ಎಲೆಕ್ಟ್ರೋಡ್ ಅಂಟಿಸಿದಾಗ ಇದು ಸುರಕ್ಷತೆಗೂ ಕಡ್ಡಾಯ), ತಂತಿಗಳನ್ನು ಹೊಸೆದು ಗಿಡ್ಡ ಮಾಡಬೇಕು, ಚರ್ಮವನ್ನು ಒರೆಸಬೇಕು, ಸೋಸುವ ಪ್ರೋಗ್ರಾಂ ಬರೆಯಬೇಕು. ಇಷ್ಟಾದ ಮೇಲೆ ಗೆಳೆಯ ಕಣ್ಣು ಮುಚ್ಚಿದಾಗ 8ರಿಂದ 13 ಹರ್ಟ್ಸ್‌ನ ಆಲ್ಫಾ ಅಲೆ ಏಳುತ್ತದೆ, ಕಣ್ಣು ತೆರೆದೊಡನೆ ಅಡಗುತ್ತದೆ. ಹ್ಯಾನ್ಸ್ ಬರ್ಗರ್ ಮನುಷ್ಯರ ಇಇಜಿಯನ್ನು 1929ರಲ್ಲಿ ಪ್ರಕಟಿಸಿದಾಗ ವರ್ಣಿಸಿದ ಅಲೆಯೇ ಇದು. ಎಲೆಕ್ಟ್ರಾನಿಕ್ಸ್, ಪ್ರೋಗ್ರಾಮಿಂಗ್, ಅಂಗಕ್ರಿಯೆ ಮೂರೂ ಏಕೆ ಬೇಕೆಂದು ಆ ಮಧ್ಯಾಹ್ನ ಯಾರೂ ಹೇಳಿಕೊಡಬೇಕಾಗುವುದಿಲ್ಲ. ಸಹಪಾಠಿಯ ಮೇಲೆ ನಡೆಸುವ ಪ್ರಯೋಗಕ್ಕೂ ಆತನ ತಿಳಿದ ಒಪ್ಪಿಗೆ ಬೇಕು. ಫಲಿತಾಂಶವನ್ನು ಪ್ರಕಟಿಸುವ ಯೋಚನೆಯಿದ್ದರೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿಯೂ ಮೊದಲೇ ಬೇಕು.

ಎರಡನೆಯ ವರ್ಷದ ರಜೆಯಲ್ಲಿ ಎರಡು ತಿಂಗಳು ಹೊರಗಿನ ಲ್ಯಾಬಿನಲ್ಲಿ ಕಳೆಯಲು ನೋಡಿ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದಕ್ಕೆಂದೇ ಇದೆ. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ, ಎನ್‌ಸಿಬಿಎಸ್, ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ನಿಮ್ಹಾನ್ಸ್ ಒಂದೇ ಊರಿನಲ್ಲಿರುವುದು ನಮ್ಮವರಿಗೆ ಒದಗಿಬಂದಿರುವ ಅನುಕೂಲ. ಪ್ರಾಧ್ಯಾಪಕರಿಗೆ ಪತ್ರ ಬರೆಯುವಾಗ ‘ನನಗೆ ಮಿದುಳಿನಲ್ಲಿ ಅಪಾರ ಆಸಕ್ತಿ’ ಎಂಬ ಸಾಲನ್ನು ಬಿಟ್ಟು, ಅವರ ಒಂದು ಲೇಖನವನ್ನು ಓದಿ, ಅದರಲ್ಲಿ ನಿಮಗೆ ಅರ್ಥವಾಗದ ಒಂದು ಚಿತ್ರದ ಬಗ್ಗೆ ಕೇಳಿ. ಲ್ಯಾಬ್ ಸಿಗದಿದ್ದರೂ ದತ್ತಾಂಶ ಸಿಗುತ್ತದೆ: 2024ರಲ್ಲಿ ಪ್ರಕಟವಾದ, ವಯಸ್ಕ ಹಣ್ಣಿನ ನೊಣದ ಮಿದುಳಿನ ಸುಮಾರು 1.4 ಲಕ್ಷ ನರಕೋಶಗಳ ಪೂರ್ಣ ಜಾಲನಕ್ಷೆಯನ್ನು ಯಾರು ಬೇಕಾದರೂ ಮನೆಯಲ್ಲಿ ಕುಳಿತು ತೆರೆದು ನೋಡಬಹುದು.

ಪದವಿಯ ನಂತರ

ಮೂರು ವರ್ಷದ ಪದವಿ ಮುಗಿಸಿದವರಿಗೆ ಭಾರತೀಯ ವಿಜ್ಞಾನ ಸಂಸ್ಥೆ, ಎನ್‌ಸಿಬಿಎಸ್‌ಗಳಲ್ಲಿ ಸ್ನಾತಕೋತ್ತರ ಪದವಿ ಮತ್ತು ಪಿಎಚ್‌ಡಿಗಳನ್ನು ಒಟ್ಟಿಗೆ ಮಾಡುವ ಇಂಟಿಗ್ರೇಟೆಡ್ ಪಿಎಚ್‌ಡಿ ಇದೆ. ಮನೋವಿಜ್ಞಾನದ ಕಡೆಯಿಂದ ಬಂದವರಿಗೆ ಹೈದರಾಬಾದ್ ವಿಶ್ವವಿದ್ಯಾಲಯ, ಅಲಹಾಬಾದ್ ವಿಶ್ವವಿದ್ಯಾಲಯ, ಐಐಟಿ ಗಾಂಧಿನಗರಗಳಲ್ಲಿ ಅರಿವಿನ ವಿಜ್ಞಾನದ (ಕಾಗ್ನಿಟಿವ್ ಸೈನ್ಸ್) ಸ್ನಾತಕೋತ್ತರ ಅಧ್ಯಯನವಿದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿಯನ್ನು ಕೇಳುವುದರಿಂದ, ಅಲ್ಲಿಗೆ ಹೋಗುವ ಮನಸ್ಸಿರುವವರು ನಡುವೆ ಎಂಎಸ್‌ಸಿಯನ್ನು ಲೆಕ್ಕಕ್ಕೆ ಹಿಡಿದೇ ಯೋಜನೆ ಹಾಕಬೇಕು.

ಪ್ರಶ್ನೆ ಬರೆದ ಆ ಮೊದಲ ಹಾಳೆಯನ್ನು ಪ್ರತಿ ಸೆಮಿಸ್ಟರ್‌ನ ಕೊನೆಗೆ ತೆಗೆದು ನೋಡಿ. ಪ್ರಶ್ನೆ ಬದಲಾಗಿದ್ದರೆ ಹಳೆಯದನ್ನು ಅಳಿಸದೆ ಕೆಳಗೆ ಹೊಸದನ್ನು ದಿನಾಂಕದ ಸಮೇತ ಬರೆದು, ಉಳಿದ ಸೆಮಿಸ್ಟರ್‌ಗಳ ಐಚ್ಛಿಕ ಪತ್ರಿಕೆಗಳನ್ನು ಅದಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಬೇರಿನ ವಿಷಯವನ್ನು ಮಾತ್ರ ಎರಡನೆಯ ವರ್ಷದ ನಂತರ ಬದಲಿಸಬೇಡಿ. ಅದೇ ಕಡತದಲ್ಲಿ ಓದಿದ ಪ್ರತಿಯೊಂದು ಪತ್ರಿಕೆಯ ಪಠ್ಯಕ್ರಮದ ಮುದ್ರಿತ ಪ್ರತಿಯನ್ನೂ ಇಟ್ಟುಕೊಳ್ಳಿ. ಮುಂದೆ ಪ್ರವೇಶ ಕೊಡುವವರು ಅಂಕಪಟ್ಟಿಯಲ್ಲಿ ‘ಪ್ರಾಣಿವಿಜ್ಞಾನ, ಪತ್ರಿಕೆ ಐದು’ ಎಂದು ಮಾತ್ರ ಕಂಡಾಗ, ಅದರಲ್ಲಿ ನರಕೋಶದ ಪಾಠವಿತ್ತು ಎಂದು ತೋರಿಸಲು ನಿಮ್ಮ ಬಳಿ ಇರುವುದು ಆ ಪ್ರತಿಯೊಂದೇ.